ಎರವಲು ಕಾಲಿನ ಓಟಗಾರರು

ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಮ್ಮ ಊರುಗಳ ಹಿರಿಯರಿಗೆ ಇನ್ನೂ ನೆನಪಿದೆ. ಮೊದಮೊದಲು ಎರಡೇ ಬಾಗಿಲು, ಮಡ್ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಎದ್ದು ನಿಲ್ಲುವ ಬಾನೆಟ್ಟು, ಇಕ್ಕಟ್ಟಿನ ಗಲ್ಲಿಯಲ್ಲೂ ಒಂದೇ ಏಟಿಗೆ ತಿರುಗಿಬಿಡುವ ಚುರುಕು. ಸಂಸಾರಸ್ಥರ ಕಾರು ಅದು. ಅದರ ಮುಂದಿನ ಚಕ್ರವನ್ನು ಬಿಚ್ಚಿ ನೋಡಿದರೆ ಹಬ್ಬನ್ನು ಹಿಡಿದು ನಿಂತ ಒಂದು ಗೇಣುದ್ದದ ಉಕ್ಕಿನ ಕಂಬ ಕಾಣುತ್ತದೆ. ಬಡಿದು ರೂಪಿಸಿದ ಗಟ್ಟಿ ಉಕ್ಕು. ಇಂಗ್ಲೆಂಡಿನವರು ಅದನ್ನು ಅಪ್‌ರೈಟ್ ಎನ್ನುತ್ತಾರೆ. 1962ರಲ್ಲಿ ಲೋಟಸ್ ಕಂಪನಿ ಎಲಾನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ತಿರುವಿನಲ್ಲಿ ಅದರಷ್ಟು ನಯವಾಗಿ ಹೊರಳುವ ಕಾರು ಇನ್ನೊಂದಿಲ್ಲ ಎಂದು ಬಲ್ಲವರು ಇಂದಿಗೂ ಹೇಳುತ್ತಾರೆ. ಮೆಕ್‌ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರ್ರೆಯಂಥವರೇ ಎಲಾನ್‌ನ ಸ್ಟಿಯರಿಂಗ್ ಸೊಗಸು ತಮ್ಮ ಕಾರಿಗೆ ಪೂರ್ತಿಯಾಗಿ ಬರಲಿಲ್ಲವೆಂದು ಹೇಳಿಕೊಂಡದ್ದುಂಟು. ಆ ಎಲಾನ್‌ನ ಮುಂದಿನ ಚಕ್ರಗಳನ್ನು ಹಿಡಿದು ನಿಂತದ್ದು ಇದೇ ಹೆರಾಲ್ಡ್ ವಂಶದ ಅಪ್‌ರೈಟ್.

ಹಳೆಯ ಸ್ಪೋರ್ಟ್ಸ್ ಕಾರಿಗೆ ಬೇರೆ ಕಾರಿನ ಸಸ್ಪೆನ್ಷನ್ ಭಾಗ ಹಾಕಬಹುದೇ ಎಂಬ ಜಗಳ ಎದ್ದಾಗಲೆಲ್ಲ ಈ ಸಂಗತಿಯನ್ನು ಮೊದಲು ಮುಂದಿಡಬೇಕು. ಒಂದು ಪಂಗಡದವರಿಗೆ ಕಾರ್ಖಾನೆ ಕೊಟ್ಟ ಒಂದು ನಟ್ಟೂ ಬದಲಾಗಬಾರದು. ಬದಲಾದರೆ ಕಾರಿನ ಕುಲವೇ ಕೆಟ್ಟಿತೆಂದು ಅವರ ವಾದ. ಇನ್ನೊಂದು ಪಂಗಡದವರಿಗೆ ಬೋಲ್ಟು ಕೂತರೆ ಮುಗಿಯಿತು, ಗುಜರಿಯಲ್ಲಿ ಸಿಕ್ಕಿದ್ದೆಲ್ಲ ಕಾರಿನಡಿ ಸೇರಬಹುದು. ಮೊದಲನೆಯವರು ಇತಿಹಾಸವನ್ನು ಮರೆತಿದ್ದಾರೆ, ಎರಡನೆಯವರು ಲೆಕ್ಕವನ್ನು ಮರೆತಿದ್ದಾರೆ.

ಇತಿಹಾಸದ ಮಾತು ಮೊದಲು. ಸಣ್ಣ ಕಂಪನಿಗಳಿಗೆ ಉಕ್ಕು ಬಡಿಯುವ ಅಚ್ಚು ಮಾಡಿಸುವ ಶಕ್ತಿ ಇರಲಿಲ್ಲ. ಸಾವಿರಗಟ್ಟಲೆ ಕಾರು ಮಾರಿದರೆ ಮಾತ್ರ ಆ ಖರ್ಚು ಹುಟ್ಟುತ್ತದೆ. ಹಾಗಾಗಿ ಲೋಟಸ್‌ನ ಕಾಲಿನ್ ಚ್ಯಾಪ್‌ಮನ್ ಹೆರಾಲ್ಡನ್ನು ಮೂಲದಲ್ಲಿ ರೂಪಿಸಿದ ಟ್ರಯಂಫ್ ಕಂಪನಿಯ ಅಪ್‌ರೈಟನ್ನೇ ತಂದರು. ಅದನ್ನು ತಯಾರಿಸುತ್ತಿದ್ದುದು ಆಲ್ಫರ್ಡ್ ಅಂಡ್ ಆಲ್ಡರ್. ಲೋಟಸ್ ಸೆವೆನ್‌ಗೆ ಅದೇ, ಆಮೇಲೆ ಬಂದ ಯುರೋಪಾಗೂ ಅದೇ. ಜಿನೆಟ್ಟಾ, ಟಿವಿಆರ್ ಕಾರುಗಳಿಗೂ ಟ್ರಯಂಫ್ ಭಾಗಗಳು ಹೋದವು. 1967ರಲ್ಲಿ ಆರಂಭವಾದ ಫಾರ್ಮುಲಾ ಫೋರ್ಡ್ ರೇಸಿನ ಎಷ್ಟೋ ಕಾರುಗಳು ಸಂಸಾರದ ಕಾರಿನ ಈ ಕಂಬವನ್ನು ನಂಬಿಯೇ ಓಡಿದವು. 1958ರ ಆಸ್ಟಿನ್ ಹೀಲಿ ಸ್ಪ್ರೈಟ್‌ನ ಮುಂದಿನ ಸಸ್ಪೆನ್ಷನ್ ಆಸ್ಟಿನ್ ಎ35ರದ್ದು, ಸ್ಟಿಯರಿಂಗ್ ರ‍್ಯಾಕ್ ಮಾರಿಸ್ ಮೈನರ್‌ನದ್ದು. ಜರ್ಮನ್ ಕಾರುಗಳ ಕಡೆ ನೋಡಿದರೆ, 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಪೋರ್ಷೆ 356 ನಿಂತದ್ದೇ ಫೋಕ್ಸ್‌ವ್ಯಾಗನ್ ಬೀಟಲ್‌ನ ಕಾಲುಗಳ ಮೇಲೆ. ಹುಟ್ಟುವಾಗಲೇ ಎರವಲು ತಂದುಕೊಂಡ ಕಾರಿಗೆ ಇನ್ನೊಂದು ಎರವಲು ಹಾಕಿದರೆ ಜಾತಿ ಹೋಯಿತು ಎನ್ನುವುದು ಯಾವ ನ್ಯಾಯ?

ಆದರೆ ಚ್ಯಾಪ್‌ಮನ್ ಸಸ್ಪೆನ್ಷನ್ನಿಗೆ ತಂದದ್ದು ಮುಖ್ಯವಾಗಿ ಈ ಕಂಬವನ್ನು. ಅದರ ಸುತ್ತಲಿನ ಸ್ಪ್ರಿಂಗ್, ಡ್ಯಾಂಪರ್, ಆರ್ಮ್‌ಗಳ ಲೆಕ್ಕವನ್ನೆಲ್ಲ ಅವರ ಕಂಪನಿ ಹೊಸದಾಗಿ ಹಾಕಿತು. ಎಲಾನ್ ತೂಗುತ್ತಿದ್ದುದು 700 ಕಿಲೋಗಿಂತಲೂ ಕಡಿಮೆ. ಹೆರಾಲ್ಡ್ ಅದಕ್ಕಿಂತ ಭಾರದ ಕಾರು. ಭಾರದ ಕಾರಿಗೆಂದು ಮಾಡಿದ ಭಾಗವನ್ನು ಹಗುರ ಕಾರಿಗೆ ತಂದದ್ದರಿಂದ ಉಕ್ಕಿಗೆ ಉಸಿರಾಡಲು ಜಾಗ ಸಿಕ್ಕಿತು. ಎರವಲಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು: ಕೊಡುವ ಕಾರು ಎಷ್ಟು ತೂಗುತ್ತದೆ, ಪಡೆಯುವ ಕಾರು ಎಷ್ಟು ತೂಗುತ್ತದೆ? ಹಗುರ ಕಾರಿನ ಬೇರಿಂಗು, ಬಾಲ್ ಜಾಯಿಂಟುಗಳನ್ನು ಭಾರದ ಕಾರಿಗೆ ಹಾಕುವವರಿಗೆ ಉತ್ತರ ಸಿಗುವುದು ಹೆದ್ದಾರಿಯಲ್ಲಿ, ವೇಗದಲ್ಲಿರುವಾಗ.

ಎರವಲು ತಂದ ಭಾಗ ತನ್ನ ತವರಿನ ಆರೈಕೆಯನ್ನೂ ಜೊತೆಗೆ ಕೇಳುತ್ತದೆ. ಈ ಟ್ರಯಂಫ್ ಅಪ್‌ರೈಟ್‌ನ ಬುಡದಲ್ಲಿ ಬಾಲ್ ಜಾಯಿಂಟ್ ಇಲ್ಲ. ಸ್ಕ್ರೂನಂತೆ ಮರೆ (ಥ್ರೆಡ್) ಕೊರೆದ ಉಕ್ಕಿನ ತುದಿ ಕಂಚಿನ ಒಂದು ತುಂಡಿನೊಳಗೆ ತಿರುಗುತ್ತದೆ, ಹೆಸರು ಟ್ರನಿಯನ್. ಎಡದ ಮರೆಯೇ ಬೇರೆ, ಬಲದ ಮರೆಯೇ ಬೇರೆ. ಅದಕ್ಕೆ ಕಂಪನಿ ಹೇಳಿದ್ದು ಗೇರ್ ಆಯಿಲ್, ಇಪಿ 90. ಆದರೆ ನಿಪ್ಪಲ್ ಕಂಡ ಕೈ ತಾನಾಗಿ ಗ್ರೀಸ್ ಗನ್ ಎತ್ತುತ್ತದೆ. ಗ್ರೀಸು ಮರೆಯ ತಳಕ್ಕೆ ಇಳಿಯುವುದಿಲ್ಲ, ನೀರು ಅಲ್ಲೇ ನಿಲ್ಲುತ್ತದೆ, ಉಕ್ಕನ್ನು ಒಳಗಿಂದೊಳಗೆ ತುಕ್ಕು ತಿನ್ನುತ್ತದೆ. ಒಂದು ದಿನ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಂಬ ಮರೆಯ ಹತ್ತಿರ ಮುರಿದು ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಹೆರಾಲ್ಡ್, ಸ್ಪಿಟ್‌ಫೈರ್, ಎಲಾನ್ ಸಾಕುವವರೆಲ್ಲ ಬಲ್ಲ ಅಪಾಯ ಇದು. ಅಷ್ಟು ದುಡ್ಡು ಕೊಟ್ಟು ಕೊಂಡ ಎಲಾನ್‌ನ ಜೀವ ವರ್ಷಕ್ಕೊಮ್ಮೆ ಹಾಕುವ ಒಂದಿಷ್ಟು ಎಣ್ಣೆಯ ಮೇಲೆ ನಿಂತಿದೆ.

ಈ ಮನೆತನದಲ್ಲೇ ಹುಟ್ಟಿದ ಟ್ರಯಂಫ್ ಸ್ಪಿಟ್‌ಫೈರ್ ಕತೆ ಇನ್ನೂ ಹೆಚ್ಚು ಕಲಿಸುತ್ತದೆ. ಹೆರಾಲ್ಡ್‌ನ ಸಾಮಾನುಗಳನ್ನೇ ಬಳಸಿ 1962ರಲ್ಲಿ ಬಂದ ತೆರೆದ ಕಾರು ಅದು, 1980ರ ತನಕ ತಯಾರಾಯಿತು. ಹೆರಾಲ್ಡ್‌ನಿಂದ ಅದಕ್ಕೆ ಒಳ್ಳೆಯ ಮುಂಗಾಲು ಬಂತು, ಅದರ ಜೊತೆ ಕೆಟ್ಟ ಹಿಂಗಾಲೂ ಬಂತು. ಹಿಂದಿನ ಆಕ್ಸಲ್ಲಿಗೆ ಕೀಲು ಇದ್ದದ್ದು ಡಿಫರೆನ್ಷಿಯಲ್ ಹತ್ತಿರ ಮಾತ್ರ, ಚಕ್ರದ ಕಡೆ ಕೀಲಿಲ್ಲ. ಹಕ್ಕಿ ರೆಕ್ಕೆ ಬಡಿದಂತೆ ಚಕ್ರ ಆಕ್ಸಲ್ಲಿನೊಂದಿಗೇ ಮೇಲಕ್ಕೂ ಕೆಳಕ್ಕೂ ಬೀಸುತ್ತದೆ. ಇದೇ ಸ್ವಿಂಗ್ ಆಕ್ಸಲ್. ನೆಟ್ಟಗಿನ ರಸ್ತೆಯಲ್ಲಿ ತೊಂದರೆಯಿಲ್ಲ. ಜೋರಾಗಿ ತಿರುವಿಗೆ ನುಗ್ಗಿದ ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟ ಎನ್ನಿ. ತೂಕ ಮುಂದಕ್ಕೆ ಹೋಗುತ್ತದೆ, ಹಿಂಭಾಗ ಏಳುತ್ತದೆ, ಹೊರಬದಿಯ ಚಕ್ರ ಕಾರಿನಡಿಗೆ ಮಡಚಿಕೊಂಡು ಟಯರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಹಿಡಿತ ತಪ್ಪಿ ಕಾರು ಗಿರ್ರನೆ ತಿರುಗುತ್ತದೆ. ಅಮೆರಿಕದ ಷೆವ್ರೊಲೆ ಕಾರ್ವೇರ್ ಕಾರಿನಲ್ಲಿ ಇದ್ದದ್ದೂ ಇದೇ ಬಗೆಯ ಆಕ್ಸಲ್. 1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಆ ಕಾರಿನ ಮೇಲಿನ ದೂರು.

ಟ್ರಯಂಫ್ ಇದಕ್ಕೆ ಎರಡು ಮದ್ದು ಹುಡುಕಿತು. ಸ್ಪಿಟ್‌ಫೈರ್‌ನ ದೇಹಕ್ಕೆ ಆರು ಸಿಲಿಂಡರಿನ ಎಂಜಿನ್ ಕೂರಿಸಿದ ಜಿಟಿ6 ಕಾರಿಗೆ 1968ರಲ್ಲಿ ಹೊಸ ಹಿಂಗಾಲು ಬಂತು. ಕೆಳಗೊಂದು ವಿಶ್‌ಬೋನ್ ಆರ್ಮ್, ಆಕ್ಸಲ್ಲಿನಲ್ಲಿ ರೋಟೊಫ್ಲೆಕ್ಸ್ ಎಂಬ ದಪ್ಪ ರಬ್ಬರ್ ಬಿಲ್ಲೆ. ಚಕ್ರ ಮಡಚುವುದು ಬಹುಮಟ್ಟಿಗೆ ನಿಂತಿತು. ಎರಡನೆಯದು ಅಗ್ಗದ ಮದ್ದು, 1970ರ ಮಾರ್ಕ್ 4 ಸ್ಪಿಟ್‌ಫೈರ್‌ಗೆ ಸಿಕ್ಕಿದ್ದು. ಎರಡು ಚಕ್ರಗಳ ನಡುವೆ ಅಡ್ಡಲಾಗಿ ಕೂರುವ ಪಟ್ಟಿ ಸ್ಪ್ರಿಂಗಿನ ಎಲ್ಲ ಪಟ್ಟಿಗಳನ್ನೂ ಬಿಗಿಯುವ ಬದಲು ಹೆಚ್ಚಿನವು ನಡುವಿನಲ್ಲಿ ತೊನೆದಾಡುವಂತೆ ಬಿಟ್ಟರು. ಕಾರು ವಾಲಿದಾಗ ಹಿಂದಿನ ಸ್ಪ್ರಿಂಗು ಸೆಟೆದು ನಿಲ್ಲುವುದು ಕಡಿಮೆಯಾಗಿ ಚಕ್ರ ರಸ್ತೆಗೆ ಅಂಟಿಕೊಂಡಿತು.

ಹಳೆಯ ಸ್ಪಿಟ್‌ಫೈರ್ ಇಟ್ಟುಕೊಂಡವರು ಈ ಎರಡರಲ್ಲಿ ಒಂದನ್ನು ತಂದು ಹಾಕುವುದುಂಟು. ಜಿಟಿ6ರ ವಿಶ್‌ಬೋನ್ ಹಿಂಗಾಲು ಉತ್ತಮ, ಅನುಮಾನವಿಲ್ಲ. ಆದರೆ ಅದಕ್ಕೆ ಚಾಸಿಗೆ ಹೊಸ ಬ್ರಾಕೆಟ್ ಬೆಸೆಯಬೇಕು. ಬೆಸುಗೆ ಬಿದ್ದ ಚಾಸಿ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ತೊನೆಯುವ ಸ್ಪ್ರಿಂಗಿಗಾದರೋ ಬೆಸುಗೆ ಬೇಡ, ಹಳೆಯದು ಕೂತಿದ್ದ ಜಾಗದಲ್ಲೇ ಕೂರುತ್ತದೆ. ರೇಸಿಗೆ ಹೋಗದ, ಭಾನುವಾರದ ಬೆಳಗಿನಲ್ಲಿ ಒಂದು ಸುತ್ತು ಹಾಕುವ ಕಾರಿಗೆ ಈ ಎರಡನೆಯದೇ ಮೇಲು. ಆದರೆ ಗ್ಯಾರೇಜುಗಳಲ್ಲಿ ಎಡವುವುದೂ ಇಲ್ಲೇ. ಕಾರ್ಖಾನೆ ಹಿಂದಿನ ಸ್ಪ್ರಿಂಗನ್ನು ಸಡಿಲಿಸಿದಾಗ ಮುಂದೆ ದಪ್ಪನೆಯ ಸ್ಟೆಬಿಲೈಸರ್ ಬಾರನ್ನೂ ಹಾಕಿತ್ತು. ಹಿಂದೆ ಬಿಟ್ಟುಕೊಟ್ಟ ಬಿಗಿಯನ್ನು ಮುಂದೆ ತುಂಬಿಕೊಂಡಿತ್ತು. ಸ್ಪ್ರಿಂಗ್ ಮಾತ್ರ ತಂದು ಬಾರು ಬಿಟ್ಟವರ ಕಾರು ತಿರುವಿನಲ್ಲಿ ದೋಣಿಯಂತೆ ವಾಲುತ್ತದೆ. ಆಮೇಲೆ ಅವರು ದೂರುವುದು ಸ್ಪ್ರಿಂಗನ್ನು. ಸಸ್ಪೆನ್ಷನ್‌ನಲ್ಲಿ ಬಿಡಿ ಭಾಗ ಎಂಬುದೇ ಇಲ್ಲ, ಇರುವುದೆಲ್ಲ ಜೋಡಿ. ಒಂದನ್ನು ತಂದಾಗ ಅದರ ಜೊತೆಗಾರನನ್ನೂ ತರಬೇಕು.

ಕೂತ ಮಾತ್ರಕ್ಕೆ ಹೊಂದಿತು ಎನ್ನಲಾಗದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಸ್ಪ್ರಿಂಗನ್ನು ಒಂದು ಸೆಂಟಿಮೀಟರ್ ಕುಗ್ಗಿಸಲು 40 ಕಿಲೋ ಭಾರ ಬೇಕು ಎಂದುಕೊಳ್ಳೋಣ. ಇಂದಿನ ಬಹುತೇಕ ಸಣ್ಣ ಕಾರುಗಳ ಮುಂದಿರುವ ಸ್ಟ್ರಟ್ಟಿನಲ್ಲಿ ಸ್ಪ್ರಿಂಗು ಚಕ್ರದ ಪಕ್ಕದಲ್ಲೇ ಕೂರುತ್ತದೆ. ಚಕ್ರ 10 ಸೆಂಟಿಮೀಟರ್ ಎದ್ದರೆ ಸ್ಪ್ರಿಂಗು ಸುಮಾರು 9.5 ಕುಗ್ಗುತ್ತದೆ. ಹಳೆಯ ವಿಶ್‌ಬೋನ್ ಕಾರಿನಲ್ಲಿ ಸ್ಪ್ರಿಂಗು ಆರ್ಮಿನ ನಡುವೆ ಕೂರುವುದರಿಂದ ಅದು 7 ಸೆಂಟಿಮೀಟರ್ ಮಾತ್ರ ಕುಗ್ಗಬಹುದು. ಈ ಅನುಪಾತವನ್ನು ಅದರಿಂದಲೇ ಇನ್ನೊಮ್ಮೆ ಗುಣಿಸಬೇಕು, ಯಾಕೆಂದರೆ ಸನ್ನೆಗೋಲು ಬಲವನ್ನೂ ಬದಲಿಸುತ್ತದೆ, ದೂರವನ್ನೂ ಬದಲಿಸುತ್ತದೆ. ಸ್ಟ್ರಟ್ ಕಾರಿನಲ್ಲಿ ಚಕ್ರಕ್ಕೆ ಸಿಗುವುದು 36 ಕಿಲೋದ ಬಿಗಿ, ವಿಶ್‌ಬೋನ್ ಕಾರಿನಲ್ಲಿ ಸುಮಾರು 20 ಕಿಲೋ ಮಾತ್ರ. ಅದೇ ಸ್ಪ್ರಿಂಗು, ಅದೇ ಬಣ್ಣ, ಅದೇ ನಂಬರು. ಆದರೂ ಬಿಗಿ ಅರ್ಧಕ್ಕಿಂತ ತುಸುವೇ ಹೆಚ್ಚು. ಕಣ್ಣಳತೆಯಲ್ಲಿ ಭಾಗ ಆರಿಸುವವರಿಗೆ ಇದು ಎಂದೂ ಕಾಣುವುದಿಲ್ಲ.

ಸ್ಟಿಯರಿಂಗಿನ ಟೈ ರಾಡ್ ಕೂಡ ಹೀಗೆಯೇ. ಚಕ್ರ ಏಳುವಾಗ ಲೋವರ್ ಆರ್ಮ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಟೈ ರಾಡ್ ತನ್ನದೇ ಕಮಾನಿನಲ್ಲಿ. ಎರಡೂ ಹೊಂದಿದ್ದರೆ ಹಂಪು ಹತ್ತಿದರೂ ಚಕ್ರ ನೇರ ನೋಡುತ್ತದೆ. ಬೇರೆ ಕಾರಿನ ರ‍್ಯಾಕ್ ತಂದು ಒಂದು ಬೆರಳು ಮೇಲೋ ಕೆಳಗೋ ಕೂರಿಸಿದರೆ ಪ್ರತಿ ಹಳ್ಳಕ್ಕೂ ಚಕ್ರ ತಾನಾಗಿ ಹೊರಳುತ್ತದೆ. ಚಾಲಕ ಸ್ಟಿಯರಿಂಗ್ ಅಲ್ಲಾಡಿಸದೆಯೇ ಕಾರು ದಾರಿ ಬದಲಿಸುತ್ತದೆ. ನಿಂತ ಕಾರಿನಲ್ಲಿ ಮಾಡುವ ಅಲೈನ್‌ಮೆಂಟ್‌ನಲ್ಲಿ ಈ ದೋಷ ಸಿಕ್ಕುವುದೇ ಇಲ್ಲ. ಸ್ಪ್ರಿಂಗ್ ತೆಗೆದು, ಜಾಕಿನಿಂದ ಚಕ್ರವನ್ನು ಸ್ವಲ್ಪಸ್ವಲ್ಪವೇ ಎತ್ತುತ್ತ ಪ್ರತಿ ಹಂತದಲ್ಲೂ ಅಳೆದಾಗ ಮಾತ್ರ ಗೊತ್ತಾಗುತ್ತದೆ. ಅರ್ಧ ದಿನದ ಕೆಲಸ. ಆ ಅರ್ಧ ದಿನವನ್ನು ಉಳಿಸಿಕೊಳ್ಳುವ ಗ್ಯಾರೇಜಿಗೆ ಹಳೆಯ ಕಾರು ಒಪ್ಪಿಸಬಾರದು.

ಪೋರ್ಷೆ ಕತೆಗೆ ಮತ್ತೆ ಬರಬೇಕು. ಎಪ್ಪತ್ತರ ದಶಕದಲ್ಲಿ ಫೋಕ್ಸ್‌ವ್ಯಾಗನ್‌ಗಾಗಿ ಪೋರ್ಷೆ ಒಂದು ಸ್ಪೋರ್ಟ್ಸ್ ಕಾರು ರೂಪಿಸುತ್ತಿತ್ತು. ಫೋಕ್ಸ್‌ವ್ಯಾಗನ್ ಹಿಂದೆ ಸರಿದಾಗ ಪೋರ್ಷೆಯೇ ಅದನ್ನು ಕೊಂಡು 924 ಎಂಬ ಹೆಸರಿನಲ್ಲಿ ಮಾರಿತು. ಮುಂದಿನ ಸ್ಟ್ರಟ್ಟು ಸೂಪರ್ ಬೀಟಲ್‌ನಿಂದ, ಲೋವರ್ ಆರ್ಮ್ ಗಾಲ್ಫ್‌ನಿಂದ, ಹಿಂದಿನ ಟ್ರೇಲಿಂಗ್ ಆರ್ಮ್ ಮತ್ತು ಟಾರ್ಷನ್ ಬಾರಿನ ಏರ್ಪಾಡು ಬೀಟಲ್‌ನಿಂದ. ಇದನ್ನೇ ಬೆಳೆಸಿ 1982ರಲ್ಲಿ 944 ತಂದರು. ಇಷ್ಟು ಹಂಚಿಕೊಂಡ ಮೂಲಗಳಿಂದ ಹೊರಟ ಕಾರು ತಿರುವಿನಲ್ಲಿ ತೋರಿದ ಸಮತೋಲಕ್ಕೆ ಹೆಸರಾಯಿತು. ಈಗ ಬಳಗದ ಕೊಡುಕೊಳ್ಳುವಿಕೆ ಉಲ್ಟಾ ಹರಿಯುತ್ತಿದೆ. ಬೀಟಲ್ ಪ್ರಿಯರು 944ರ ಹಿಂದಿನ ಆರ್ಮನ್ನೂ ಡಿಸ್ಕ್ ಬ್ರೇಕನ್ನೂ ತಂದು ತಮ್ಮ ಬೀಟಲ್‌ಗೆ ಹಾಕುತ್ತಾರೆ. ಅಜ್ಜಿಯ ಒಡವೆ ಮೊಮ್ಮಗಳ ಮದುವೆಗೆ ಹೋಗಿ, ಹೊಸ ಕುಸುರಿಯೊಂದಿಗೆ ಅಜ್ಜಿಗೇ ಮರಳಿದ ಹಾಗೆ.

ಅದೇ 944ರಲ್ಲಿ ಎಚ್ಚರಿಕೆಯೂ ಅಡಗಿದೆ. 1985ರಲ್ಲಿ ಪೋರ್ಷೆ ಉಕ್ಕಿನ ಆರ್ಮ್ ಬಿಟ್ಟು ಅಲ್ಯೂಮಿನಿಯಂ ಆರ್ಮಿಗೆ ಹೋಯಿತು. ಹಗುರ, ಸೊಗಸು. ಆದರೆ ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸಿದರೆ ಮುಂದಿನ ಬಾಲ್ ಜಾಯಿಂಟ್ ತನ್ನ ಮಿತಿಗೆ ತಲುಪಿ ಆರ್ಮನ್ನೇ ಮೀಟತೊಡಗುತ್ತದೆ. ಹಾಗೆ ಆರ್ಮ್ ಮುರಿದ ಪ್ರಸಂಗಗಳಿವೆ. ಸ್ಟ್ರಟ್ ಕಾರನ್ನು ತಗ್ಗಿಸಿದಾಗ ಇನ್ನೊಂದು ಪೇಚೂ ಇದೆ. ಕಾರಿನ ದೇಹ ಎರಡು ಬೆರಳು ಇಳಿದರೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಅದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಸ್ಪ್ರಿಂಗ್ ಬಿಗಿಯಿದ್ದಷ್ಟೇ ಇದ್ದರೆ ನೋಡಲು ನೆಲ ಮುಟ್ಟುವಂತಿರುವ ಕಾರು ಮೊದಲಿಗಿಂತ ಹೆಚ್ಚು ವಾಲುತ್ತದೆ.

ಒಳ್ಳೆಯ ಎರವಲಿಗೆ ಮಾದರಿ ಬೇಕಾದವರು ಪೋರ್ಷೆ 914 ನೋಡಲಿ. 1969ರಲ್ಲಿ ಬಂದ ಈ ಕಾರಿನ ನಾಲ್ಕು ಸಿಲಿಂಡರ್ ಮಾದರಿಯ ಚಕ್ರಕ್ಕೆ ನಾಲ್ಕು ಬೋಲ್ಟು, 914/6ಕ್ಕೆ 911ರಂತೆ ಐದು. ನಾಲ್ಕು ಬೋಲ್ಟಿನ ಮಾಲೀಕರು 911ರ ಮುಂದಿನ ಸ್ಟ್ರಟ್ಟು, ಹಬ್ಬು, ಬ್ರೇಕನ್ನು ಒಟ್ಟಾಗಿ ತಂದು ಹಾಕುತ್ತಾರೆ. ಕಾರ್ಖಾನೆಯೇ ಮೊದಲು ಮಾಡಿ ತೋರಿಸಿದ ದಾರಿ, ಕತ್ತರಿಸುವ ಕೆಲಸವಿಲ್ಲ, ತಂದದ್ದು ಇಡೀ ಜೋಡಣೆ. ಅಮೆರಿಕದ ಹಾಟ್‌ರಾಡ್ ಕಟ್ಟುವವರು 1974ರಿಂದ 78ರ ತನಕ ಬಂದ ಫೋರ್ಡ್ ಮಸ್ಟಾಂಗ್ 2ರ ಮುಂಗಾಲಿಗೆ ಮುಗಿಬಿದ್ದದ್ದೂ ಹೀಗೆ ಇಡೀ ಜೋಡಣೆ ಒಟ್ಟಾಗಿ ಸಿಕ್ಕಿತೆಂಬ ಕಾರಣಕ್ಕೆ. ಕಾರಾಗಿ ಮಸ್ಟಾಂಗ್ 2 ಮಸ್ಟಾಂಗ್ ಪ್ರಿಯರಲ್ಲಿ ಹಲವರಿಗೆ ಮೆಚ್ಚಾಗಲಿಲ್ಲ, ಆದರೆ ಕಿರಿದಾದ, ರ‍್ಯಾಕ್ ಸ್ಟಿಯರಿಂಗಿನ ಅದರ ಮುಂದಿನ ಏರ್ಪಾಡು ಎಷ್ಟು ಜನಪ್ರಿಯವಾಯಿತೆಂದರೆ ಅದರ ಪ್ರತಿಗಳನ್ನು ಹೊಸದಾಗಿಯೇ ಮಾಡಿ ಮಾರುವ ಕಂಪನಿಗಳು ಹುಟ್ಟಿದವು. ಆದರೆ ಹಾಟ್‌ರಾಡಿನಲ್ಲಿ ಚಾಸಿ ಕತ್ತರಿಸುವುದೇ ಪದ್ಧತಿ. ಬೆರಳೆಣಿಕೆಯಷ್ಟು ಉಳಿದ ಸ್ಪೋರ್ಟ್ಸ್ ಕಾರಿಗೆ ಆ ಪದ್ಧತಿ ಬೇಡ.

ಇನ್ನು ನಮ್ಮಲ್ಲಿಗೆ ಬರೋಣ. ಹೆರಾಲ್ಡ್‌ನ ಸ್ವಿಂಗ್ ಆಕ್ಸಲ್ಲಿನ ತಾಪತ್ರಯಕ್ಕೆ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಕಂಡುಕೊಂಡ ಪರಿಹಾರ ಟ್ರಯಂಫ್‌ನದ್ದಕ್ಕಿಂತ ಬೇರೆಯೇ. ಎಪ್ಪತ್ತರ ದಶಕದ ಆರಂಭದಲ್ಲಿ ಹೆರಾಲ್ಡನ್ನೇ ಬದಲಿಸಿ ನಾಲ್ಕು ಬಾಗಿಲಿನ ಗೆಝೆಲ್ ಮಾಡಿದಾಗ ಆ ಬೀಸುವ ಹಿಂಗಾಲನ್ನು ಕಿತ್ತು, ಇಡಿಯ ಗಟ್ಟಿ ಆಕ್ಸಲ್ ಹಾಕಿದರು. ಪಠ್ಯಪುಸ್ತಕದ ಪ್ರಕಾರ ಇದು ಹಿಂದಕ್ಕೆ ಇಟ್ಟ ಹೆಜ್ಜೆ. ಆದರೆ ಗಟ್ಟಿ ಆಕ್ಸಲ್ಲಿನಲ್ಲಿ ಚಕ್ರ ಮಡಚಿಕೊಳ್ಳುವ ಮಾತಿಲ್ಲ, ಯಾವ ಊರಿನ ಮೇಸ್ತ್ರಿಯೂ ಬಿಚ್ಚಿ ಕಟ್ಟಬಲ್ಲ. ಇಲ್ಲಿನ ರಸ್ತೆಯನ್ನು ನೋಡಿ ಇಲ್ಲಿನ ಎಂಜಿನಿಯರುಗಳು ಮಾಡಿದ ಬದಲಾವಣೆ ಅದು, ಗೌರವಕ್ಕೆ ಅರ್ಹವಾದದ್ದು.

ಇಂಥ ಕಾರುಗಳನ್ನು ಕಾಪಾಡಲು ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಐವತ್ತು ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಗುರುತಿನ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ ಹತ್ತು ವರ್ಷ. ಒಳ್ಳೆಯ ಕೆಲಸ. ಆದರೆ ಷರತ್ತು ಹೇಳುವುದಿಷ್ಟು: ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಮಾಡುವಂಥ ಗಣನೀಯ ಬದಲಾವಣೆ ಆಗಿರಬಾರದು. ಸಸ್ಪೆನ್ಷನ್ ಎಂಬ ಮಾತು ಅಲ್ಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಲಕ್ಷಣ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬಿಗಿಯಾಗಿಯೇ ಓದಿದೆ. ಡ್ರಮ್ ಬ್ರೇಕಿನ ಹೆರಾಲ್ಡ್‌ಗೆ ಅದರ ತಂಗಿ ಸ್ಪಿಟ್‌ಫೈರ್‌ನ ಡಿಸ್ಕ್ ಬ್ರೇಕಿನ ಮುಂಗಾಲು ಹಾಕಿದರೆ ಮೂಲ ಲಕ್ಷಣ ಬದಲಾಯಿತೇ? ಮಾಲೀಕರು ಹೂಂ ಎನ್ನಲಾರರು, ಆರ್‌ಟಿಒ ಅಧಿಕಾರಿ ಊಹೂಂ ಎನ್ನಲು ಧೈರ್ಯ ಮಾಡಲಾರರು.

ಬ್ರಿಟನ್ ಈ ಗೊಂದಲವನ್ನು ಅಂಕ ಕೊಟ್ಟು ಬಿಡಿಸಲು ನೋಡಿತ್ತು. ಅಲ್ಲಿನ ಇಲಾಖೆ ಬಹುಕಾಲ ಬಳಸಿದ ಪದ್ಧತಿಯಲ್ಲಿ ಮೂಲ ಚಾಸಿ ಉಳಿದಿದ್ದರೆ 5 ಅಂಕ, ಸಸ್ಪೆನ್ಷನ್‌ಗೆ 2, ಆಕ್ಸಲ್ಲುಗಳಿಗೆ 2, ಗೇರ್ ವ್ಯವಸ್ಥೆಗೆ 2, ಸ್ಟಿಯರಿಂಗಿಗೆ 2, ಎಂಜಿನ್ನಿಗೆ 1. ಎಂಟು ಅಂಕ ಉಳಿದರೆ ಹಳೆಯ ನಂಬರು ಉಳಿಯುತ್ತಿತ್ತು. ಹಳೆಯ ಕಾರುಗಳಿಗೆ ಅಲ್ಲಿರುವ ವಾರ್ಷಿಕ ತಪಾಸಣೆಯ ವಿನಾಯಿತಿಯಲ್ಲಿ ಇನ್ನೂ ಒಂದು ಜಾಣತನವಿದೆ. ಸಸ್ಪೆನ್ಷನ್ನಿನ ಬಗೆಯೇ ಬದಲಾದರೆ ಅದು ಗಣನೀಯ ಬದಲಾವಣೆ. ಆದರೆ ಆ ಕಾರು ತಯಾರಾಗುತ್ತಿದ್ದ ಕಾಲದಲ್ಲೇ ಅಥವಾ ಅದು ನಿಂತ ಹತ್ತು ವರ್ಷದೊಳಗೆ ರೂಢಿಯಲ್ಲಿದ್ದ ಬದಲಾವಣೆಗೂ, ಸುರಕ್ಷತೆ ಹೆಚ್ಚಿಸಲು ಮಾಡಿದ ಬದಲಾವಣೆಗೂ ಮಾಫಿ ಇದೆ. ಇತಿಹಾಸವನ್ನೂ ಜೀವವನ್ನೂ ಕಾಯುವ ನಿಯಮ ಇದು. ನಮ್ಮ ಸಾರಿಗೆ ಇಲಾಖೆ ಇದನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ಆದರೆ ಚಾಸಿ ಕತ್ತರಿಸದೆ, ಅದೇ ವಂಶದ ಕಾರಿನಿಂದ ಇಡೀ ಜೋಡಣೆಯಾಗಿ ತಂದ, ಮತ್ತೆ ಬಿಚ್ಚಬಹುದಾದ ಸಸ್ಪೆನ್ಷನ್ ಬದಲಾವಣೆಗೆ ಒಂದು ಸ್ಪಷ್ಟ ಸಾಲಿನ ಅನುಮತಿ ಕೊಟ್ಟು, ಅದನ್ನು ಆರ್‌ಸಿಯಲ್ಲಿ ದಾಖಲಿಸಿಕೊಳ್ಳಲು ಅಡ್ಡಿಯೇನಿದೆ? ಈಗಿರುವಂತೆ ಬಿಟ್ಟರೆ ಬದಲಾವಣೆ ನಿಲ್ಲುವುದಿಲ್ಲ, ಕದ್ದು ನಡೆಯುತ್ತದೆ. ಕದ್ದು ಮಾಡಿದ ಬೆಸುಗೆಯನ್ನು ಯಾರೂ ಪರೀಕ್ಷಿಸುವುದಿಲ್ಲ.

ಅನುಮತಿ ಕೇಳಿ ಬರುವ ಮಾಲೀಕರೂ ಬರಿಗೈಯಲ್ಲಿ ಬರಬಾರದು. ಯಾವ ಕಾರಿನ ಯಾವ ವರ್ಷದ ಭಾಗ, ಎರಡೂ ಕಾರುಗಳ ತೂಕವೆಷ್ಟು, ಜಾಕಿನ ಮೇಲೆ ಚಕ್ರ ಎತ್ತಿ ಅಳೆದ ಅಂಕಿಗಳೇನು, ಸ್ಟೆಬಿಲೈಸರ್ ಬಾರು ಬದಲಾಯಿತೇ ಎಂಬುದು ಒಂದು ಕಡತದಲ್ಲಿರಬೇಕು. ಕಾರು ಕೈ ಬದಲಾದಾಗ ಆ ಕಡತ ಕೀಲಿಯ ಜೊತೆಗೇ ಹೊಸ ಮಾಲೀಕರಿಗೆ ಹೋಗಬೇಕು. ಬಿಚ್ಚಿದ ಮೂಲ ಭಾಗಗಳಿಗೆ ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ, ಎಡದ್ದು ಬಲದ್ದು ಎಂದು ಚೀಟಿ ಕಟ್ಟಿ ಅಟ್ಟದ ಮೇಲೆ ಇಡಬೇಕು. ಟ್ರನಿಯನ್ನಿನ ಎಡದ ಮರೆ ಬಲಕ್ಕೆ ಹೊಂದುವುದಿಲ್ಲವೆಂಬುದು, ಐವತ್ತು ವರ್ಷದ ನಂತರ ಅದನ್ನು ಬಿಚ್ಚಿ ನೋಡುವ ಕೈಗೆ ಗೊತ್ತಿರಲಿಕ್ಕಿಲ್ಲ.